ರಾಜಾ ರವಿವರ್ಮರೂ ವಡೋದರೆಯ ಅರಮನೆಯೂ

ನಮ್ಮ ಅಹಮದಾಬಾದಿನಿಂದ ದಕ್ಷಿಣ ದಿಕ್ಕಿಗೆ ಸುಮಾರು ನೂರು ಕಿಲೋಮೀಟರು ದೂರದಲ್ಲಿ ವಡೋದರಾ ನಗರವಿದೆ. ಬೇಸಗೆಯ ರಜೆಯಲ್ಲಿ ತಂತಮ್ಮ ಊರುಗಳಿಗೆ ಹೊರಟ ನಮ್ಮ ಶಾಲೆಯ ಮಕ್ಕಳು ಆ ನಿಲ್ದಾಣದಲ್ಲಿ ಗಾಡಿ ನಿಂತಾಗ ನೀರು ತುಂಬಿಕೊಳ್ಳುತ್ತಾರೆ; ಅಷ್ಟರಲ್ಲಿ ಗಾಡಿಯು ಸೂರತ್ತಿನ ಕಡೆಗೆ ಸಾಗಿಬಿಡುತ್ತದೆ. ಆ ಊರಿನ ಲಕ್ಷ್ಮೀವಿಲಾಸ ಅರಮನೆಗೂ ನಮ್ಮ ಮನೆಗಳ ದೇವರ ಗೂಡಿಗೂ ಒಂದು ನಂಟು ಉಂಟೆಂಬುದು ಬಹುಮಂದಿಗೆ ತಿಳಿಯದು. ನೀರಿನ ದಡದ ಬಂಡೆಯ ಮೇಲೆ ಕುಳಿತು ವೀಣೆಯನ್ನು ನುಡಿಸುವ ಸರಸ್ವತಿ, ಕೊಳದ ನಡುವೆ ತಾವರೆಯ ಮೇಲೆ ನಿಂತಿರುವ ಲಕ್ಷ್ಮಿ, ಇವರಿಬ್ಬರನ್ನು ನಾವೆಲ್ಲರೂ ಅಕ್ಷರ ಕಲಿಯುವ ಮೊದಲೇ ಕಂಡಿದ್ದೇವೆ. ಈ ಎರಡು ರೂಪಗಳನ್ನು 1896ರಲ್ಲಿ ತೈಲವರ್ಣದಲ್ಲಿ ಬರೆದವರು ರಾಜಾ ರವಿವರ್ಮರು. ಅವರ ಬಾಳಿನ ಅತಿ ದೊಡ್ಡ ಕೆಲಸವು ನಡೆದದ್ದು ವಡೋದರೆಯ ಅರಮನೆಗಾಗಿ. ಕಡೆಯ ಕೆಲಸವು ನಡೆದದ್ದು ನಮ್ಮ ಮೈಸೂರಿನ ಅರಮನೆಗಾಗಿ. ಗುಜರಾತಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ಅವರ ಚರಿತ್ರೆಯನ್ನು ಅರಿಯುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ.

ರವಿವರ್ಮರು 1848ನೆಯ ಇಸವಿಯ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದರು. ಹೆಸರಿನ ಮುಂದೆ ರಾಜಾ ಎಂದಿರುವುದರಿಂದ ಅವರು ಯಾವುದೋ ರಾಜ್ಯವನ್ನು ಆಳಿದರೆಂದು ತಿಳಿಯಬಾರದು. ಕಿಳಿಮಾನೂರಿನವರು ತಿರುವಾಂಕೂರಿನ ರಾಜಮನೆತನಕ್ಕೆ ಹೆಣ್ಣುಗಂಡುಗಳ ಸಂಬಂಧವಿದ್ದ ಜಹಗೀರಿನ ಮನೆತನದವರು, ಅಷ್ಟೆ. ತಾಯಿ ಉಮಾ ಅಂಬಾಬಾಯಿಯವರು ಕವಯಿತ್ರಿ. ತಂದೆ ನೀಲಕಂಠನ್ ಭಟ್ಟತಿರಿಪ್ಪಾಡರು ಸಂಸ್ಕೃತ ಪಂಡಿತರು. ಮನೆಯಲ್ಲಿ ಕಥಕಳಿಯ ಮೇಳವೂ ಪುರಾಣಶ್ರವಣವೂ ನಿತ್ಯದ ಸಂಗತಿಗಳು. ತಮ್ಮ ರಾಜರಾಜವರ್ಮರೂ ತಂಗಿ ಮಂಗಳಾಬಾಯಿಯವರೂ ಮುಂದೆ ಕುಂಚವನ್ನು ಹಿಡಿದವರೇ. ಬಾಲಕ ರವಿವರ್ಮನು ಇದ್ದಲಿನ ತುಂಡಿನಿಂದ ಮನೆಯ ಸುಣ್ಣದ ಗೋಡೆಗಳ ಮೇಲೆಲ್ಲ ಪ್ರಾಣಿಗಳನ್ನು ಗೀಚುತ್ತಿದ್ದನೆಂದೂ, ಆಳುಗಳು ದೂರಿದರೂ ಸೋದರಮಾವನು ಗದರಿಸದೆ ಅದರಲ್ಲಿ ಕೈಚಳಕವನ್ನು ಗುರುತಿಸಿದನೆಂದೂ ಹೇಳುತ್ತಾರೆ. ಆ ಮಾವನ ಹೆಸರೂ ರಾಜರಾಜವರ್ಮ. ತಂಜಾವೂರಿನ ಪದ್ಧತಿಯಲ್ಲಿ ಚಿತ್ರ ಬರೆಯಬಲ್ಲವನಾದ ಆತನೇ ಮೊದಲ ಗುರುವಾದನು. ನಮ್ಮ ಶಾಲೆಯ ಗೋಡೆಗಳ ಮೇಲೆ ಗೀಚುವವರು ಇದನ್ನು ಓದಿ ಉತ್ಸಾಹಗೊಳ್ಳಬೇಕಾಗಿಲ್ಲವೆಂದು ಇಲ್ಲಿಯೇ ಸೂಚಿಸಿಬಿಡುತ್ತೇವೆ.

1862ರಲ್ಲಿ, ಹದಿನಾಲ್ಕು ವರ್ಷದ ಹುಡುಗನನ್ನು ಮಾವನು ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳರ ಆಶ್ರಯದಲ್ಲಿ ಇರಿಸಿದನು. ಅರಮನೆಯ ಗ್ರಂಥಗಳು, ಪಶ್ಚಿಮ ದೇಶಗಳ ಚಿತ್ರಗಳ ಮುದ್ರಿತ ಪ್ರತಿಗಳು, ಸಂಗೀತ, ಎಲ್ಲವೂ ಅಲ್ಲಿ ದೊರೆತವು. ದೊರೆಯದೆ ಇದ್ದುದು ಒಂದೇ. ಎಣ್ಣೆಯ ಬಣ್ಣವನ್ನು ಬಳಸುವ ವಿದ್ಯೆ. ತಂಜಾವೂರಿನ ಪದ್ಧತಿಯಲ್ಲಿ ಹಲಗೆಗೆ ಬಟ್ಟೆಯನ್ನಂಟಿಸಿ, ಸುಣ್ಣದ ಲೇಪವನ್ನಿಟ್ಟು, ಚಿನ್ನದ ರೇಕನ್ನು ಕೂರಿಸುತ್ತಾರೆ. ಆಕೃತಿಗಳು ಚಪ್ಪಟೆಯಾಗಿ, ದೇವರಂತೆ ನಿಶ್ಚಲವಾಗಿ ತೋರುತ್ತವೆ. ಎಣ್ಣೆಯಲ್ಲಿ ಅರೆದ ಬಣ್ಣವಾದರೋ ಬೇಗನೆ ಒಣಗುವುದಿಲ್ಲ. ಒದ್ದೆಯಿರುವಾಗಲೇ ಒಂದರ ಅಂಚನ್ನು ಮತ್ತೊಂದರಲ್ಲಿ ಕರಗಿಸಬಹುದು. ಕೆನ್ನೆಯ ದುಂಡನ್ನೂ, ರೇಷ್ಮೆಯ ಮಡಿಕೆಯ ನೆರಳನ್ನೂ, ಮುತ್ತಿನ ಹೊಳಪನ್ನೂ ಕಣ್ಣಿಗೆ ಕಟ್ಟುವಂತೆ ತರಬಹುದು. ಈ ವಿದ್ಯೆಯನ್ನು ಅಲ್ಲಿ ಬಲ್ಲವನು ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಡು ಒಬ್ಬನೇ. ತನಗೆ ಪ್ರತಿಸ್ಪರ್ಧಿಯಾಗಬಲ್ಲ ಹುಡುಗನಿಗೆ ಆತನು ಕಲಿಸಲೊಪ್ಪಲಿಲ್ಲ. ಆತನ ಶಿಷ್ಯ ಆರುಮುಗಂ ಪಿಳ್ಳೆಯೆಂಬವನು ಗುರುವಿಗೆ ತಿಳಿಯದಂತೆ ಅಷ್ಟಿಷ್ಟು ತೋರಿಸಿಕೊಟ್ಟನು. 1868ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಥಿಯೊಡೋರ್ ಜೆನ್ಸನ್ ಎಂಬ ಚಿತ್ರಕಾರನು ಮಹಾರಾಜರ ಚಿತ್ರ ಬರೆಯಲು ಬಂದನು. ಆತನೂ ಕಲಿಸಲಾರೆನೆಂದನು, ಬರೆಯುವಾಗ ಪಕ್ಕದಲ್ಲಿ ನಿಂತು ನೋಡಲು ಮಾತ್ರ ಅಡ್ಡಿಮಾಡಲಿಲ್ಲ. ರವಿವರ್ಮರು ನಿಂತು ನೋಡಿದರು. ಹಗಲು ನೋಡಿದುದನ್ನು ಕೋಣೆಗೆ ಹಿಂದಿರುಗಿ ಮಾಡಿನೋಡಿದರು. ಬಣ್ಣಗಳನ್ನು ಹಾಳುಮಾಡುತ್ತ, ಕೆರೆದು ತೆಗೆದು ಮತ್ತೆ ಬರೆಯುತ್ತ, ವರ್ಷಗಟ್ಟಲೆ ಹೀಗೆ ನಡೆಯಿತು. ಯಾವ ಶಾಲೆಯ ಪ್ರಮಾಣಪತ್ರವೂ ಅವರಿಗಿರಲಿಲ್ಲ.

1866ರಲ್ಲಿ ಮಾವೇಲಿಕ್ಕರದ ಮನೆತನದ ಭಾಗೀರಥಿಯವರೊಡನೆ ವಿವಾಹವಾಯಿತು. ಆಕೆಯ ಸೋದರಿಯರು ತಿರುವಾಂಕೂರಿನ ರಾಜಮನೆತನಕ್ಕೆ ದತ್ತು ಹೋದವರು. ಆದ್ದರಿಂದ ಆಸ್ಥಾನದಲ್ಲಿ ರವಿವರ್ಮರ ಸ್ಥಾನವು ಗಟ್ಟಿಯಾಯಿತು. ಆದರೆ ಅಂಥ ಮನೆತನದವರು ಚಿತ್ರ ಬರೆದು ಹಣ ತೆಗೆದುಕೊಳ್ಳುವುದು ಅಂದಿನ ಮಾತಿನಲ್ಲಿ ಗೌರವವಲ್ಲ. ಅದು ಕಸುಬುದಾರರ ಕೆಲಸ. ಈ ಸಂದಿಗ್ಧದಲ್ಲಿ ಅವರು ಮಾಡಿದ ಯಾತ್ರೆಯು ಕನ್ನಡಿಗರಾದ ನಮಗೆ ಹತ್ತಿರದ್ದು. 1870ರಲ್ಲಿ ಅವರು ಕೊಲ್ಲೂರಿಗೆ ಹೋಗಿ ನಲವತ್ತೊಂದು ದಿನ ಮೂಕಾಂಬಿಕೆಯ ಸೇವೆಯಲ್ಲಿದ್ದರು. ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯ ನ್ಯಾಯಾಧಿಕಾರಿ ಕೃಷ್ಣಮೇನೋನರ ಕುಟುಂಬದ ಚಿತ್ರವನ್ನು ಬರೆದುಕೊಟ್ಟು ಮೊದಲ ಬಾರಿಗೆ ಸಂಭಾವನೆಯನ್ನು ಪಡೆದರು. ದೇವಿಯ ಸನ್ನಿಧಿಯಲ್ಲಿ ಮನಸ್ಸು ಗಟ್ಟಿಯಾಯಿತೋ, ದಾರಿಯಲ್ಲಿ ಅವಕಾಶ ತಾನಾಗಿ ಒದಗಿತೋ, ಅಂದಿನಿಂದ ಅವರು ತಮ್ಮ ಕೈಯ ದುಡಿಮೆಗೆ ಬೆಲೆ ಕಟ್ಟಲು ಹಿಂಜರಿಯಲಿಲ್ಲ. 1873ರಲ್ಲಿ ಮಲ್ಲಿಗೆಯ ದಂಡೆಯನ್ನು ಮುಡಿಯುತ್ತಿರುವ ನಾಯರ್ ಸ್ತ್ರೀಯ ಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಗವರ್ನರರ ಚಿನ್ನದ ಪದಕವು ಬಂದಿತು. ಅದೇ ವರ್ಷ ವಿಯೆನ್ನಾ ನಗರದಲ್ಲಿಯೂ ಮನ್ನಣೆ ದೊರೆಯಿತು. 1876ರಲ್ಲಿ ತಾವರೆಯೆಲೆಯ ಮೇಲೆ ಓಲೆ ಬರೆಯುವ ಶಕುಂತಲೆಯ ಚಿತ್ರವನ್ನು ಮದರಾಸಿನ ಗವರ್ನರನಾಗಿದ್ದ ಬಕಿಂಗ್‌ಹ್ಯಾಮಿನ ಡ್ಯೂಕನು ಕೊಂಡುಕೊಂಡನು.

ಇನ್ನು ವಡೋದರೆಯ ಕಥೆ. ಆಗಿನ ಕಾಲದಲ್ಲಿ ಅದನ್ನು ಬರೋಡಾ ಎನ್ನುತ್ತಿದ್ದರು. 1875ರಲ್ಲಿ ಅಲ್ಲಿಯ ಮಹಾರಾಜ ಮಲ್ಹಾರರಾವ್ ಗಾಯಕವಾಡನನ್ನು ಇಂಗ್ಲಿಷ್ ಸರಕಾರವು ಗದ್ದುಗೆಯಿಂದ ಇಳಿಸಿತು. ಹಿಂದಿನ ಮಹಾರಾಜನ ವಿಧವೆ ಜಮನಾಬಾಯಿಯವರು ನಾಸಿಕದ ಬಳಿಯ ಕವಳಾಣೆಯೆಂಬ ಹಳ್ಳಿಯಿಂದ ರೈತಾಪಿಯ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡರು. ಹನ್ನೆರಡು ವರ್ಷದ ಗೋಪಾಲನು ಹೀಗೆ ಸಯಾಜಿರಾವ್ ಗಾಯಕವಾಡನಾದನು. ಅವನು ದೊಡ್ಡವನಾಗುವವರೆಗೆ ರಾಜ್ಯವನ್ನು ನಡೆಸಿದವರು ದಿವಾನ್ ಟಿ. ಮಾಧವರಾಯರು. ಅವರು ಅದಕ್ಕೆ ಮೊದಲು ಬಹುಕಾಲ ತಿರುವಾಂಕೂರಿನ ದಿವಾನರಾಗಿದ್ದವರು. ರವಿವರ್ಮರ ಕೈಯನ್ನು ಬಲ್ಲವರು. 1880ರಲ್ಲಿ ಆಯಿಲ್ಯಂ ತಿರುನಾಳರು ತೀರಿಕೊಂಡ ಮೇಲೆ ತಿರುವನಂತಪುರದ ಗಾಳಿಯು ರವಿವರ್ಮರಿಗೆ ಅಷ್ಟೇನೂ ಅನುಕೂಲವಾಗಿರಲಿಲ್ಲ. 1881ರ ಕಡೆಯಲ್ಲಿ ಸಯಾಜಿರಾಯರಿಗೆ ಪೂರ್ಣಾಧಿಕಾರವನ್ನು ವಹಿಸಿಕೊಡುವ ಸಮಾರಂಭವು ಗೊತ್ತಾದಾಗ ಮಾಧವರಾಯರ ಕರೆಯ ಮೇರೆಗೆ ರವಿವರ್ಮರೂ ತಮ್ಮ ರಾಜರಾಜವರ್ಮರೂ ವಡೋದರೆಗೆ ಬಂದು ಕೆಲವು ತಿಂಗಳು ನಿಂತರು. ತರುಣ ಮಹಾರಾಜ, ರಾಜಮನೆತನದವರು, ದಿವಾನರು, ಇವರ ಭಾವಚಿತ್ರಗಳನ್ನು ಬರೆದರು.

ಆ ಬಗೆಯ ಭಾವಚಿತ್ರಗಳನ್ನು ನೋಡುವಾಗ ನಾವು ಮುಖವನ್ನು ನೋಡಿ ಮುಂದಕ್ಕೆ ನಡೆಯುತ್ತೇವೆ. ಸ್ವಲ್ಪ ನಿಂತು ಮುಖದ ಸುತ್ತಲೂ ಇರುವುದನ್ನು ನೋಡಬೇಕು. ಒಂದು ಪಕ್ಕದಲ್ಲಿ ಮೇಲಿನಿಂದ ಇಳಿಬಿದ್ದ ದಪ್ಪ ಪರದೆ, ಅದರ ಹಿಂದೆ ಅರ್ಧ ಕಾಣುವ ಕಂಬ, ಕಾಲಡಿಯಲ್ಲಿ ರತ್ನಗಂಬಳಿ, ಕೈಯಿಡುವುದಕ್ಕೆ ಕೆತ್ತನೆಯ ಕುರ್ಚಿಯ ಬೆನ್ನು, ಇಲ್ಲವೆ ಹೂದಾನಿಯಿರುವ ಮೇಜು. ಯುರೋಪಿನ ಅರಸರ ಚಿತ್ರಗಳಲ್ಲಿ ನೂರಾರು ವರ್ಷಗಳಿಂದ ನಡೆದು ಬಂದ ಪರಿಪಾಟಿ ಇದು. ಆ ಕಂಬವು ಮನೆತನದ ಸ್ಥಿರತೆಯನ್ನು ಹೇಳುತ್ತದೆ. ಆ ಪರದೆಯು, ಇದರಾಚೆಗೆ ಇನ್ನೂ ಎಷ್ಟೋ ಕೋಣೆಗಳುಂಟೆಂದು ಸೂಚಿಸುತ್ತದೆ. ಅರಮನೆಯನ್ನು ಪೂರ್ತಿಯಾಗಿ ಬರೆಯದೆ ಅದರ ಒಂದು ಮೂಲೆಯನ್ನು ತೋರಿಸಿ ಉಳಿದುದನ್ನು ನಮ್ಮ ಊಹೆಗೆ ಬಿಡುವ ಉಪಾಯವಿದು. ಚಿತ್ರದಲ್ಲಿ ಕಾಣದೆ ಇರುವುದೂ ಒಂದುಂಟು. ಸಂಸ್ಥಾನದಲ್ಲಿ ಇಂಗ್ಲಿಷರ ರೆಸಿಡೆಂಟನು ಕುಳಿತಿದ್ದನು. ಮಹಾರಾಜನನ್ನು ಗದ್ದುಗೆಯಿಂದ ಇಳಿಸಿ ಏಳು ವರ್ಷಗಳೂ ಸರಿಯಾಗಿ ಕಳೆದಿರಲಿಲ್ಲ. ಕಂಬವನ್ನು ಎಷ್ಟು ದಪ್ಪವಾಗಿ ಬರೆಯಬೇಕಾಗಿತ್ತೆಂಬುದು ಆ ಕಾಲದವರಿಗೆ ಗೊತ್ತಿದ್ದಿರಬೇಕು.

ಬಟ್ಟೆಬರೆಗಳ ವಿಷಯದಲ್ಲಿ ರವಿವರ್ಮರ ಕುಂಚಕ್ಕೆ ಎಣೆಯಿಲ್ಲ. ಸೂರತ್ತಿನಲ್ಲಿ ನೆಂಟರಿರುವ ಮಕ್ಕಳು ಜರಿಯ ಕೆಲಸವನ್ನು ಕಂಡಿರಬಹುದು. ಬೆಳಕು ಬಿದ್ದ ಕಡೆ ಜರಿಯು ಬಿಳುಪಾಗಿ ಮಿನುಗುತ್ತದೆ, ಮಡಿಕೆಯೊಳಗೆ ಕಂದುಬಣ್ಣಕ್ಕೆ ತಿರುಗುತ್ತದೆ. ರವಿವರ್ಮರು ಚಿನ್ನದ ರೇಕನ್ನು ಅಂಟಿಸಲಿಲ್ಲ. ಹಳದಿ, ಕಂದು, ಬಿಳಿಯ ಬಣ್ಣಗಳಿಂದಲೇ ಚಿನ್ನವನ್ನು ಮಾಡಿದರು. ಬಳಿಗೆ ಹೋಗಿ ನೋಡಿದರೆ ಬರಿಯ ಬಣ್ಣದ ಚುಕ್ಕೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಜರಿಯಂಚು.

ಆ ಹೊತ್ತಿಗೆ ಲಕ್ಷ್ಮೀವಿಲಾಸದ ಕಟ್ಟಡವು ಇನ್ನೂ ಏಳುತ್ತಿದ್ದಿತು. ಅದರ ನಕ್ಷೆಯನ್ನು ಮಾಡಿದವನು ಮೇಜರ್ ಚಾರ್ಲ್ಸ್ ಮ್ಯಾಂಟ್. ಅವನು 1881ರಲ್ಲಿ ತೀರಿಕೊಳ್ಳಲು ರಾಬರ್ಟ್ ಚಿಸಂ ಎಂಬವನು ಕೆಲಸವನ್ನು ಮುಂದುವರಿಸಿ 1890ರಲ್ಲಿ ಮುಗಿಸಿದನು. ಗುಮ್ಮಟಗಳು ಒಂದು ದೇಶದವು, ಕಮಾನುಗಳು ಇನ್ನೊಂದು ದೇಶದವು, ಜಾಲಂದರಗಳು ಗುಜರಾತಿನವು. ಎಲ್ಲವನ್ನೂ ಕಲಸಿ ಕಟ್ಟಿದ ಕಟ್ಟಡವಾದರೂ ಕಣ್ಣಿಗೆ ಒಗ್ಗುತ್ತದೆ. ಅದರ ಓಲಗಶಾಲೆಯ ನೆಲಕ್ಕೆ ಇಟಲಿಯ ಕುಶಲಿಗಳು ಸಣ್ಣ ಸಣ್ಣ ಬಿಲ್ಲೆಗಳನ್ನು ಜೋಡಿಸಿದರು. ಕಿಟಕಿಗಳಿಗೆ ಬೆಲ್ಜಿಯಂ ದೇಶದ ಬಣ್ಣದ ಗಾಜು ಬಂದಿತು. ಮೇಲ್ಗಡೆ ಅರಮನೆಯ ಹೆಂಗಸರು ಕುಳಿತು ನೋಡುವುದಕ್ಕೆ ಮರೆಯುಳ್ಳ ಉಪ್ಪರಿಗೆಗಳಾದವು. ಇಷ್ಟು ಪರದೇಶದ ಸಾಮಗ್ರಿಯ ನಡುವೆ ಗೋಡೆಗಳ ಮೇಲೆ ಏನಿರಬೇಕು? ಸಯಾಜಿರಾಯರು ನಮ್ಮ ಪುರಾಣಗಳ ಕಥೆಗಳಿರಬೇಕೆಂದರು. 1888ರಲ್ಲಿ ಹದಿನಾಲ್ಕು ಚಿತ್ರಗಳಿಗೆ ರವಿವರ್ಮರನ್ನು ಗೊತ್ತುಮಾಡಿಕೊಂಡರು. ಸಂಭಾವನೆ ಐವತ್ತು ಸಾವಿರ ರೂಪಾಯಿ. ಅಂದಿನ ಐವತ್ತು ಸಾವಿರವೆಂದರೆ ಎಷ್ಟೆಂಬುದನ್ನು ಮಕ್ಕಳು ತಮ್ಮ ಗಣಿತದ ಉಪಾಧ್ಯಾಯರನ್ನು ಕೇಳಿ ತಿಳಿಯಬಹುದು.

ಇಲ್ಲಿ ಒಂದು ದೊಡ್ಡ ತೊಡಕು ಎದುರಾಯಿತು. ದಮಯಂತಿಯು ಏನನ್ನು ಉಟ್ಟಿದ್ದಳು? ಶಂತನುವಿನ ಕಿರೀಟವು ಹೇಗಿದ್ದಿತು? ಮಲೆಯಾಳದ ಹೆಂಗಸಿನ ಉಡುಪನ್ನು ಬರೆದರೆ ಗುಜರಾತಿನವರು ಒಪ್ಪರು. ಮರಾಠರ ಉಡುಪನ್ನು ಬರೆದರೆ ಬಂಗಾಳದವರು ನಗುವರು. ಅಣ್ಣತಮ್ಮಂದಿರಿಬ್ಬರೂ ಉತ್ತರ ಭಾರತದ ಸಂಚಾರಕ್ಕೆ ಹೊರಟು ಊರೂರುಗಳ ಗುಡಿಗಳನ್ನೂ, ವಿಗ್ರಹಗಳನ್ನೂ, ಜನರ ಉಡಿಗೆ ತೊಡಿಗೆಗಳನ್ನೂ ನೋಡಿಬಂದರು. ಹಳೆಯ ಕಾಲದ ಉಡುಪು ಇದೇ ಎಂದು ತೋರುವ ಸಾಕ್ಷ್ಯವು ಎಲ್ಲಿಯೂ ಸಿಕ್ಕಲಿಲ್ಲ. ಕಡೆಗೆ ರವಿವರ್ಮರು ತಾವೇ ಒಂದು ತೀರ್ಮಾನಕ್ಕೆ ಬಂದರು. ನಿರಿಗೆ ಹಿಡಿದು ಸೆರಗನ್ನು ಹೆಗಲ ಮೇಲಿಂದ ಹೊದೆದ ಸೀರೆ, ರವಿಕೆ, ಒಡವೆಗಳು, ಇವೇ ಸಾಕೆಂದರು. ಎಲ್ಲ ಪ್ರಾಂತದವರೂ ತಮ್ಮವಳೆಂದು ತಿಳಿಯಬಹುದಾದ ಹೆಂಗಸು ಆ ಚಿತ್ರಗಳಲ್ಲಿ ಹುಟ್ಟಿದಳು. ನಮ್ಮ ತರಗತಿಯಲ್ಲಿ ಸೀತೆಯನ್ನೋ ದ್ರೌಪದಿಯನ್ನೋ ಬರೆಯಲು ಹೇಳಿದರೆ ಮಕ್ಕಳು ಇಂದಿಗೂ ಬರೆಯುವುದು ಅವಳನ್ನೇ. ಇದರಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಬೇಲೂರಿನ ಮದನಿಕೆಯರ ನಾಡಿನವರಾದ ನಾವು, ಸ್ತ್ರೀರೂಪಕ್ಕೆ ಬೇರೆ ಮಾದರಿಗಳೂ ಇದ್ದುವೆಂಬುದನ್ನು ಮರೆತೆವು.

ಕಿಳಿಮಾನೂರಿನಲ್ಲಿಯೇ ಕುಳಿತು ಹದಿನಾಲ್ಕನ್ನೂ ಬರೆದರು. ರಾಜರಾಜವರ್ಮರ ನೆರವಿಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಹಿನ್ನೆಲೆಯ ಬೆಟ್ಟ, ನೀರು, ಆಕಾಶಗಳಲ್ಲಿ ತಮ್ಮನ ಕೈ ನುರಿತುದು. ಪತ್ರವ್ಯವಹಾರವೂ ಲೆಕ್ಕಪತ್ರವೂ ಅವನದೇ. ಅವನು ಬರೆದಿಟ್ಟ ದಿನಚರಿಯಿಂದಲೇ ಅಣ್ಣನ ಬಾಳಿನ ಎಷ್ಟೋ ವಿವರಗಳು ನಮಗೆ ತಿಳಿದಿವೆ. 1890ರ ಹೊತ್ತಿಗೆ ಚಿತ್ರಗಳು ಸಿದ್ಧವಾದವು. ನಳ ದಮಯಂತಿಯರು, ಶಂತನುವೂ ಗಂಗೆಯೂ, ಶಂತನುವೂ ಮತ್ಸ್ಯಗಂಧಿಯೂ, ವಿಶ್ವಾಮಿತ್ರ ಮೇನಕೆಯರು, ಅರ್ಜುನ ಸುಭದ್ರೆಯರು, ಸಿಂಹದ ಮರಿಯೊಡನೆ ಆಡುವ ಭರತ, ಹರಿಶ್ಚಂದ್ರ ತಾರಾಮತಿಯರು, ಕಂಸನ ಕೈಯಿಂದ ತಪ್ಪಿಸಿಕೊಂಡ ಮಾಯೆ, ಕೀಚಕನ ಮುಂದೆ ಕುಗ್ಗಿ ನಿಂತ ಸೈರಂಧ್ರಿ, ಸಭೆಯಲ್ಲಿ ಸೀರೆಯನ್ನು ಸೆಳೆಸಿಕೊಂಡ ದ್ರೌಪದಿ, ಇವು ಅವುಗಳಲ್ಲಿ ಕೆಲವು.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿರಿ. ಯಾವುದಕ್ಕಾಗಿ ಬರೆದ ಚಿತ್ರಗಳಿವು? ಓಲಗಶಾಲೆಗಾಗಿ, ಮಹಾರಾಜನು ಸಿಂಹಾಸನವನ್ನೇರಿ ಸರದಾರರ ಮುಜುರೆಯನ್ನು ಸ್ವೀಕರಿಸುವ ಜಾಗಕ್ಕಾಗಿ. ಅಲ್ಲಿ ರಾಜರ ಗೆಲುವುಗಳನ್ನು ಬರೆಸುವುದು ಲೋಕರೂಢಿ. ಇಲ್ಲಿಯಾದರೋ ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನಿದ್ದಾನೆ. ಸತ್ಯಕ್ಕಾಗಿ ಹೆಂಡತಿಯನ್ನು ಮಾರಿದ ಹರಿಶ್ಚಂದ್ರನಿದ್ದಾನೆ. ಮಾತಿಗೆ ಕಟ್ಟುಬಿದ್ದು ಬಾಯಿ ತೆರೆಯಲಾರದ ಶಂತನುವಿದ್ದಾನೆ. ತನ್ನನ್ನೇ ಗೆಲ್ಲಲಾರದ ವಿಶ್ವಾಮಿತ್ರನಿದ್ದಾನೆ. ದ್ರೌಪದಿಯ ಚಿತ್ರವಂತೂ ಅರಮನೆಯೊಳಗಿನ ಅರಮನೆಯ ಚಿತ್ರ; ರಾಜಸಭೆಯ ಗೋಡೆಗೆ ರಾಜಸಭೆಯ ಚಿತ್ರ. ಹಿರಿಯರು ತುಂಬಿದ, ಸಿಂಗರಿಸಿದ ಸಭೆ, ಅದರ ನಡುವೆ ಒಬ್ಬ ಹೆಣ್ಣಿನ ಮಾನವು ಹೋಗುತ್ತಿದೆ, ತಡೆಯುವ ಒಂದು ಕೈಯೂ ಮೇಲೇಳುತ್ತಿಲ್ಲ. ಕೀಚಕನ ಚಿತ್ರವೂ ಅಂಥದೇ. ಅಲ್ಲಿ ಅರಮನೆಯ ಒಳಕೋಣೆಯೇ ಬಲೆಯಾಗಿದೆ. ನಾವು ಊರಿನ ಬಯಲಾಟಗಳಲ್ಲಿ ಈ ಪ್ರಸಂಗಗಳನ್ನು ಕಂಡವರು. ಅಲ್ಲಿ ಒಂದು ಮರದ ಕುರ್ಚಿಯೇ ಕೌರವನ ಸಿಂಹಾಸನ. ರವಿವರ್ಮರು ಅದಕ್ಕೆ ನಿಜವಾದ ಕಂಬವನ್ನೂ, ಜಮಖಾನವನ್ನೂ, ರೇಷ್ಮೆಯನ್ನೂ ಕೊಟ್ಟರು. ಕೊಟ್ಟುದರಿಂದ ಸಭೆಯ ವೈಭವವು ಹೆಚ್ಚಿತು, ಅದರ ನಾಚಿಕೆಗೇಡೂ ಅಷ್ಟೇ ಹೆಚ್ಚಿತು. ಮಹಾರಾಜರು ಇದೆಲ್ಲವನ್ನೂ ಯೋಚಿಸಿಯೇ ಬರೆಸಿದರೆಂದು ನಾವು ಹೇಳುತ್ತಿಲ್ಲ. ಆದರೆ ಸಿಂಹಾಸನದ ಮೇಲೆ ಕುಳಿತು ಆ ಕಡೆಗೆ ಕಣ್ಣು ಹಾಯಿಸಿದ ಅರಸನಿಗೆ ಅದು ಏನನ್ನಾದರೂ ಹೇಳದೆ ಇದ್ದೀತೆ? ಇದೇ ಸಯಾಜಿರಾಯರು 1893ರಲ್ಲಿ ತಮ್ಮ ರಾಜ್ಯದ ಅಮರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಆರಂಭಿಸಿ 1906ರಲ್ಲಿ ಇಡಿಯ ರಾಜ್ಯಕ್ಕೆ ವಿಸ್ತರಿಸಿದವರು ಎಂಬುದನ್ನು ಉಪಾಧ್ಯಾಯರಾದ ನಾವು ಇಲ್ಲಿ ಹೇಳದೆ ಬಿಡಲಾರೆವು.

ಚಿತ್ರಗಳನ್ನು ನೇರವಾಗಿ ಅರಮನೆಯೊಳಕ್ಕೆ ಸಾಗಿಸಿ ಬಾಗಿಲು ಹಾಕಿಕೊಳ್ಳಲಿಲ್ಲ. ಮೊದಲು ತಿರುವನಂತಪುರದಲ್ಲಿ, ಆಮೇಲೆ ವಡೋದರೆಯಲ್ಲಿ, ಜನರು ಬಂದು ನೋಡಲು ಅವನ್ನು ತೆರೆದಿಟ್ಟರು. ಜನವು ಗುಂಪುಗುಂಪಾಗಿ ಬಂದಿತು. ಅವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಎಣ್ಣೆಯ ಬಣ್ಣದ ಚಿತ್ರವನ್ನೇ ಕಂಡವರಲ್ಲ. ಕೇಳಿದ್ದ ಕಥೆಯು ರಕ್ತಮಾಂಸಗಳನ್ನು ತಾಳಿ ಎದುರಿಗೆ ನಿಂತಂತಾಯಿತು. ಆಮೇಲೆ ಅವು ಒಳಗೆ ಹೋದವು, ಜನ ಹೊರಗೆ ಉಳಿದರು.

ರವಿವರ್ಮರ ಬಾಳಿನ ಮುಂದಿನ ಭಾಗವೆಲ್ಲ ಈ ಒಳಗು ಹೊರಗುಗಳ ನಡುವಿನ ಗೋಡೆಯೊಡನೆ ನಡೆಸಿದ ಹೋರಾಟವೆಂದರೆ ಸಲ್ಲುತ್ತದೆ. ಚಿತ್ರಗಳಿಗೆ ಬೇಡಿಕೆ ಬಹಳ, ಕೈಗಳು ಎರಡೇ. ಅವನ್ನು ಅಚ್ಚು ಹಾಕಿಸಿ ಹಂಚಬೇಕೆಂಬ ಸಲಹೆಯನ್ನು ಮಾಧವರಾಯರು ಬಹು ಹಿಂದೆಯೇ ಕೊಟ್ಟಿದ್ದರು. 1894ರಲ್ಲಿ ರವಿವರ್ಮರು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಯಂತ್ರಗಳೂ ಕುಶಲಿಗಳೂ ಜರ್ಮನಿಯಿಂದ ಬಂದುವು. ಮೊದಲು ಹೊರಬಂದ ಚಿತ್ರವು ಶಕುಂತಲೆಯ ಜನನ.

ಈ ಕಲ್ಲಚ್ಚಿನ ಕೆಲಸವು ಸ್ವಾರಸ್ಯವಾದುದು. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಣ್ಣದಿಂದ ಚಿತ್ರವನ್ನು ಬರೆಯುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆಮಾಡಿದರೆ ನೀರು ಬರಿಯ ಕಲ್ಲಿನ ಮೇಲೆ ನಿಲ್ಲುತ್ತದೆ, ಜಿಡ್ಡಿನ ಮೇಲೆ ನಿಲ್ಲುವುದಿಲ್ಲ. ಎಣ್ಣೆಯ ಮಸಿಯ ಉರುಳೆಯನ್ನು ಅದರ ಮೇಲೆ ಓಡಿಸಿದರೆ ಮಸಿಯು ಜಿಡ್ಡಿಗೆ ಮಾತ್ರ ಹತ್ತುತ್ತದೆ. ಕಾಗದವನ್ನು ಒತ್ತಿದರೆ ಚಿತ್ರವು ಮೂಡುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಹತ್ತು ಬಣ್ಣಗಳಿದ್ದರೆ ಹತ್ತು ಕಲ್ಲು, ಹತ್ತು ಸಲದ ಒತ್ತು. ಒಂದು ಕಲ್ಲು ಕೂದಲೆಳೆಯಷ್ಟು ಆಚೀಚೆಯಾದರೂ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿದುಬಿಡುತ್ತದೆ.

ವ್ಯಾಪಾರವಾಗಿ ಈ ಸಾಹಸವು ರವಿವರ್ಮರಿಗೆ ಒದಗಿಬರಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಹೊಕ್ಕಿತು, ಕೆಲಸಗಾರರು ಊರು ಬಿಟ್ಟರು, ಸಾಲ ಬೆಳೆಯಿತು. ಮುದ್ರಣಾಲಯವನ್ನು ಲೋಣಾವಳದ ಬಳಿಯ ಮಳವಲಿಗೆ ಸಾಗಿಸಿದರು. ಕಡೆಗೆ 1901ರಲ್ಲಿ ಜರ್ಮನಿಯ ಕುಶಲಿ ಫ್ರಿಟ್ಸ್ ಶ್ಲೈಖರನಿಗೆ ಅದನ್ನು ಮಾರಬೇಕಾಯಿತು. ರವಿವರ್ಮರ ಕೈಯಿಂದ ಹೋದ ಮೇಲೆಯೇ ಅದು ಚೆನ್ನಾಗಿ ನಡೆಯಿತೆಂಬುದು ವಿಧಿಯ ಆಟ. ಅವರ ಹೆಸರಿನ ಚಿತ್ರಗಳು ರೈತನ ಗುಡಿಸಲಿಗೂ, ಅಂಗಡಿಯ ಗಲ್ಲೆಯ ಮೇಲ್ಗಡೆಗೂ, ಬೆಂಕಿಪೆಟ್ಟಿಗೆಯ ಮೇಲಕ್ಕೂ ಹೋದವು. ಗುಡಿಯ ಹೊಸ್ತಿಲನ್ನು ದಾಟಲು ಅಪ್ಪಣೆಯಿಲ್ಲದ ಜನರು ಅಂದು ಈ ದೇಶದಲ್ಲಿ ಕೋಟಿಗಟ್ಟಲೆ ಇದ್ದರು. ಕೆಲವು ಕಾಸುಗಳಿಗೆ ಸಿಕ್ಕುವ ಒಂದು ಕಾಗದದಲ್ಲಿ ಲಕ್ಷ್ಮಿಯು ಅವರ ಮನೆಗೆ ತಾನೇ ಬಂದಳು, ಯಾರ ಅಪ್ಪಣೆಯನ್ನೂ ಕೇಳದೆ. ನಮ್ಮ ಮಟ್ಟಿಗೆ, ಅವರಿಗೆ ಬಂದ ಪದಕಗಳೆಲ್ಲಕ್ಕಿಂತ ಇದು ದೊಡ್ಡದು. ವಡೋದರೆಯ ಕಲಾಭವನದಲ್ಲಿ ಕಲಿತ ದಾದಾಸಾಹೇಬ ಫಾಳಕೆಯವರು ಇದೇ ಮುದ್ರಣಾಲಯಕ್ಕಾಗಿ ಕೆಲಸಮಾಡಿದವರು. 1913ರಲ್ಲಿ ಅವರು ತೆಗೆದ ರಾಜಾ ಹರಿಶ್ಚಂದ್ರ ಚಲಚ್ಚಿತ್ರದಲ್ಲಿ ರವಿವರ್ಮರ ಚಿತ್ರಗಳೇ ಎದ್ದು ನಡೆದಾಡಿದಂತೆ ತೋರುತ್ತದೆ.

1893ರಲ್ಲಿ ಅಮೆರಿಕದ ಷಿಕಾಗೋ ನಗರದ ಪ್ರದರ್ಶನಕ್ಕೆ ಅವರ ಹತ್ತು ಚಿತ್ರಗಳು ಹೋಗಿ ಪದಕಗಳನ್ನು ತಂದವು. 1904ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಆದರೆ ಅದೇ ಕಾಲಕ್ಕೆ ಗಾಳಿ ತಿರುಗುತ್ತಿದ್ದಿತು. ಹ್ಯಾವೆಲ್, ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮೊದಲಾದವರು, ಇವು ಪರದೇಶದ ಕುಂಚದಿಂದ ಬರೆದ ನಾಟಕದ ದೃಶ್ಯಗಳು, ಇವುಗಳಲ್ಲಿ ದೇವತ್ವವಿಲ್ಲ ಎಂದು ಕಟುವಾಗಿ ಟೀಕಿಸಿದರು. ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಅಣ್ಣತಮ್ಮಂದಿರು ಮುಂಬಯಿಯಲ್ಲಿ ನಾಟಕಗಳನ್ನು ಆಸೆಯಿಂದ ನೋಡುತ್ತಿದ್ದವರು. ಚಿತ್ರಗಳಲ್ಲಿ ಕೈಯೆತ್ತಿ ನಿಂತವರ ಭಂಗಿಯು ರಂಗಸ್ಥಳವನ್ನು ನೆನಪಿಗೆ ತರುವುದು ನಿಜ. ಬಂಗಾಳದ ಹೊಸ ಪಂಥದವರು ಬೇರೆ ದಾರಿಯನ್ನು ಹಿಡಿದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಅವನೀಂದ್ರನಾಥ ಠಾಕೂರರ ಬಳಿಗೆ ಹೋಗಿ ಆ ದಾರಿಯಲ್ಲಿಯೇ ನಡೆದರು. ವಡೋದರೆಯಲ್ಲಿಯೇ ಕೀರ್ತಿಮಂದಿರದ ಗೋಡೆಗಳ ಮೇಲೆ ನಂದಲಾಲ ಬೋಸರು 1939ರಿಂದ 1946ರವರೆಗೆ ಬರೆದ ಗಂಗಾವತರಣ, ಮೀರಾ ಮೊದಲಾದ ಭಿತ್ತಿಚಿತ್ರಗಳನ್ನು ರವಿವರ್ಮರ ಚಿತ್ರಗಳೊಡನೆ ಒಂದೇ ದಿನ ನೋಡಿದವರಿಗೆ ಈ ವಾದದ ಎರಡು ಪಕ್ಷಗಳೂ ಚೆನ್ನಾಗಿ ತಿಳಿಯುತ್ತವೆ. ಆದರೆ ಮನೆಯ ಗೋಡೆಯ ಮೇಲಿನ ಸರಸ್ವತಿಯನ್ನು ಯಾವ ಟೀಕೆಯೂ ಇಳಿಸಲಿಲ್ಲ.

ಮೈಸೂರಿನೊಡನೆ ರವಿವರ್ಮರ ಸಂಬಂಧವು 1885ರಿಂದಲೇ ಇದ್ದಿತು. ಆಗ ಹತ್ತನೆಯ ಚಾಮರಾಜ ಒಡೆಯರ ಕರೆಯ ಮೇರೆಗೆ ಬಂದು ರಾಜಮನೆತನದ ಚಿತ್ರಗಳನ್ನು ಬರೆದಿದ್ದರು. ಬೇರೆ ಬೇರೆ ಪ್ರಾಂತಗಳ ಹನ್ನೊಂದು ಮಂದಿ ಹೆಂಗಸರು ಕೂಡಿ ಕುಳಿತಿರುವ ಗಾಯಕಿಯರ ಮೇಳದ ಪ್ರಸಿದ್ಧ ಚಿತ್ರವು ಮೈಸೂರಿನ ಸಂಗ್ರಹದಲ್ಲಿಯೇ ಇದೆ. 1897ರಲ್ಲಿ ಮೈಸೂರಿನ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬವನ ನಕ್ಷೆಯಂತೆ ಹೊಸ ಅರಮನೆಯು ಏಳತೊಡಗಿತು. ಅದಕ್ಕಾಗಿ ಒಂಬತ್ತು ಪುರಾಣಚಿತ್ರಗಳನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಬಯಸಿದರು. ರವಿವರ್ಮರು ಒಪ್ಪಿಕೊಂಡರು. ಆದರೆ 1905ರ ಜನವರಿಯಲ್ಲಿ ರಾಜರಾಜವರ್ಮರು ತೀರಿಕೊಂಡರು. ಒಂದೇ ಚಿತ್ರದ ಎರಡು ಭಾಗಗಳನ್ನು ಬರೆಯುತ್ತಿದ್ದ ನಾಲ್ಕು ಕೈಗಳಲ್ಲಿ ಎರಡು ಹೋದವು. ಅಣ್ಣನ ಮೈಯಲ್ಲಿ ಆಗಲೇ ಮಧುಮೇಹವು ಬೇರೂರಿದ್ದ ಕಾಲ. ಅಂಥ ಸ್ಥಿತಿಯಲ್ಲಿ ಕುಳಿತು ಅವರು ಮೈಸೂರಿನ ಚಿತ್ರಗಳನ್ನು ಬರೆದರು.

ಅವುಗಳಲ್ಲಿ ಎರಡನ್ನು ಹೇಳಲೇಬೇಕು. ಒಂದು, ಸಮುದ್ರದ ಗರ್ವವನ್ನು ಅಡಗಿಸಲು ಬಿಲ್ಲೆತ್ತಿ ನಿಂತ ರಾಮನದು. ಹಿಂದೆ ಸಿಡಿಲಿನ ಮೋಡ, ಎದುರಿಗೆ ಉಕ್ಕುವ ನೀರು. ಮತ್ತೊಂದು, ಸಂಧಿಗಾಗಿ ದುರ್ಯೋಧನನ ಸಭೆಗೆ ಬಂದ ಶ್ರೀಕೃಷ್ಣನದು. ಮತ್ತೆ ಕೌರವರ ಸಭೆ. ಹದಿನಾರು ವರ್ಷಗಳ ಹಿಂದೆ ವಡೋದರೆಗಾಗಿ ದ್ರೌಪದಿಯನ್ನು ನಿಲ್ಲಿಸಿದ ಅದೇ ಸಭೆ. ಸಾತ್ಯಕಿಯು ಕೋಪದಿಂದ ಕತ್ತಿಗೆ ಕೈಹಾಕಿದ್ದಾನೆ. ಕೃಷ್ಣನು ಅವನನ್ನು ತಡೆದಿದ್ದಾನೆ. ಸಿಂಹಾಸನ, ಕಂಬ, ಒಡವೆಗಳೆಲ್ಲವೂ ಇದ್ದರೂ ನೋಡುವವರ ಕಣ್ಣು ತಡೆಯುವ ಆ ಕೈಗೇ ಹೋಗುತ್ತದೆ. ಮೊದಲ ಸಭೆಯಲ್ಲಿ ಮೇಲೇಳದೆ ಇದ್ದ ಕೈ ಇಲ್ಲಿ ಎದ್ದಿದೆಯೆಂದು ನಮಗೆ ತೋರುತ್ತದೆ. ಮಹಾಭಾರತವನ್ನು ಓದಿದ ಮಕ್ಕಳಿಗೆ ಮುಂದಿನದು ಗೊತ್ತು, ಸಂಧಿಯು ಆಗಲಿಲ್ಲ.

ಅದೇ 1906ನೆಯ ಇಸವಿಯ ಅಕ್ಟೋಬರ್ 2ರಂದು ರವಿವರ್ಮರು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೈಸೂರಿನ ಚಿತ್ರಗಳು ಈಗ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿವೆ; ರಜೆಗೆ ಮೈಸೂರಿನ ಕಡೆಗೆ ಹೋಗುವವರು ತಪ್ಪದೆ ನೋಡಬೇಕು. 1979ರಲ್ಲಿ ಭಾರತ ಸರಕಾರವು ರವಿವರ್ಮರ ಕೃತಿಗಳನ್ನು ರಾಷ್ಟ್ರದ ಕಲಾನಿಧಿಯೆಂದು ಸಾರಿ, ಅವು ದೇಶದ ಹೊರಗೆ ಹೋಗದಂತೆ ಕಟ್ಟುಮಾಡಿತು.

ವಡೋದರೆಯ ಚಿತ್ರಗಳಿಗೆ ಒದಗಿದ ನೆಲೆ ಸ್ವಲ್ಪ ವಿಚಿತ್ರವಾದುದು. ಸಂಸ್ಥಾನಗಳು ಹೋದ ಮೇಲೆ, 1961ರಲ್ಲಿ, ಅರಮನೆಯ ಆವರಣದಲ್ಲಿಯೇ ಮಹಾರಾಜಾ ಫತೇಸಿಂಗ್ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು. ರವಿವರ್ಮರ ಚಿತ್ರಗಳ ಬಹು ದೊಡ್ಡ ಸಂಗ್ರಹವು ಅಲ್ಲಿದೆ. ಆ ಕಟ್ಟಡವು ಹಿಂದೆ ಅರಮನೆಯ ಮಕ್ಕಳಿಗಾಗಿ ಕಟ್ಟಿಸಿದ ಶಾಲೆ. ಮಕ್ಕಳು ಅರಮನೆಯಿಂದ ಶಾಲೆಗೆ ಬರುವುದಕ್ಕೆಂದೇ ಆವರಣದೊಳಗೆ ಒಂದು ಪುಟ್ಟ ರೈಲುಗಾಡಿಯು ಓಡಾಡುತ್ತಿದ್ದಿತು. ಈಗ ಆ ಶಾಲೆಯ ಕೋಣೆಗಳಲ್ಲಿ, ಒಂದು ಕಾಲಕ್ಕೆ ಕರಿಹಲಗೆ ಇದ್ದಿರಬಹುದಾದ ಗೋಡೆಗಳ ಮೇಲೆ, ಟಿಕೇಟು ಕೊಂಡು ಬಂದವರೆಲ್ಲರ ಮುಂದೆ ವಿಶ್ವಾಮಿತ್ರನೂ ಮೇನಕೆಯೂ ಶಂತನುವೂ ನಿಂತಿದ್ದಾರೆ.